ಬೊಬ್ಬೆಗೊಂದು ಶಾಲು

ಮುಝಮ್ಮಿಲ್ ಬದುಕಿದ್ದಾಗ ಅವನ ಹಾಡನ್ನು ಬಂಟ್ವಾಳದ ‘ಹೊಳೆದನಿ’ ಸಮುದಾಯ ಬಾನುಲಿ ಒಂದು ಸಲವೂ ಹಾಕಲಿಲ್ಲ. ಅವನು ಸತ್ತು ಎಂಟು ತಿಂಗಳಾದ ಮೇಲೆ ಬೆಂಗಳೂರಿನ ಪತ್ರಿಕೆಯೊಂದು ‘ಕರಾವಳಿಯ ಪಂಕ್ ಗಾಯಕ’ ಎಂದು ಅರ್ಧ ಪುಟ ಬರೆಯಿತು. ಮರುದಿನವೇ ನಿರ್ದೇಶಕ ಜಯಪ್ರಕಾಶರಿಗೆ ಅವನ ಮೇಲೆ ಪ್ರೀತಿ ಹುಟ್ಟಿತು.

“ರಶೀನಾ, ಅವನಿಗೊಂದು ಗೌರವ ಕಾರ್ಯಕ್ರಮ ಮಾಡುವ. ಹೇಗೂ ಬಡತನ ಜಾಗೃತಿ ಸಪ್ತಾಹ ಉಂಟಲ್ಲ. ಎರಡೂ ಒಟ್ಟಿಗೆ ಮುಗೀತದೆ.”

ರಶೀನಾ ಅಲ್ಲಿ ಆರು ವರ್ಷದಿಂದ ನಿರೂಪಕಿ. ಮುಝಮ್ಮಿಲ್ ತನ್ನ ಹಾಡುಗಳನ್ನು ಪೆನ್‌ಡ್ರೈವಿನಲ್ಲಿ ಹಾಕಿಕೊಂಡು ಬಂದ ದಿನ ಅವಳೂ ಇದ್ದಳು. ಕಿವಿಗೆ ಗರಗಸ ಹಿಡಿದಂಥ ಗಿಟಾರು, ಅದರ ಮೇಲೆ ಬ್ಯಾರಿ ಭಾಷೆಯಲ್ಲಿ ಗಂಟಲು ಹರಿಯುವ ಕೂಗು. ಜಯಪ್ರಕಾಶರು ಅರ್ಧ ನಿಮಿಷ ಕೇಳಿ, “ಇದು ಸಂಗೀತವಾ ಮಾರಾಯ? ಬೊಬ್ಬೆ” ಎಂದಿದ್ದರು. ‘ಕೇಳುಗರ ಅಭಿರುಚಿಗೆ ಹೊಂದುವುದಿಲ್ಲ’ ಎಂಬ ಪತ್ರ ಟೈಪ್ ಮಾಡಿದವಳು ರಶೀನಾ. ಅವನು ಅದನ್ನು ನಿಂತಲ್ಲೇ ಓದಿ, ಅವಳತ್ತ ನೋಡಿ ನಕ್ಕು ಹೊರಟುಹೋಗಿದ್ದ.

ಕಳೆದ ಮಳೆಗಾಲದಲ್ಲಿ ನೇತ್ರಾವತಿ ಪೇಟೆಗೆ ನುಗ್ಗಿ ಇಳಿದಾಗ ಅವನು ಅಂಗಡಿಗಳ ಕೆಸರು ತೆಗೆಯುವ ಕೂಲಿಗೆ ಬಂದಿದ್ದ. ಎರಡು ದಿನ ಪದ್ಮಯ್ಯನವರ ಹೋಟೆಲಿನ ಅಡುಗೆಕೋಣೆಯಲ್ಲಿ ಬರಿಗಾಲಲ್ಲಿ ನಿಂತು ಕೆಸರು ಬಾಚಿದ. ಆಮೇಲೆ ಇಲಿಜ್ವರ ಹಿಡಿಯಿತು. ಹನ್ನೊಂದನೆಯ ದಿನ ಆಸ್ಪತ್ರೆಯಲ್ಲಿ ತೀರಿಕೊಂಡ. ವಯಸ್ಸು ಮೂವತ್ತೊಂದು.

ಗೌರವ ಕಾರ್ಯಕ್ರಮದ ಪ್ರಾಯೋಜಕರು ಅದೇ ಪದ್ಮಯ್ಯ.

ಸಪ್ತಾಹದ ಮೊದಲ ದಿನ ಮೂಡುಬಿದಿರೆಯಿಂದ ಬಂದ ವ್ಯಕ್ತಿತ್ವ ವಿಕಸನ ತರಬೇತುದಾರರೊಬ್ಬರು, ಬಡತನವೆಂಬುದು ಒಂದು ಮನಃಸ್ಥಿತಿ ಎಂದು ವಿವರಿಸಿ ಕಾರಿನಲ್ಲಿ ವಾಪಸು ಹೋದರು. ಎರಡನೆಯ ದಿನ ಬಡತನದ ಕುರಿತು ರಸಪ್ರಶ್ನೆ ನಡೆಯಿತು. ಬಹುಮಾನ ಹಾಟ್‌ಬಾಕ್ಸ್. ಗೆದ್ದವರು ನಿವೃತ್ತ ಬ್ಯಾಂಕ್ ಮ್ಯಾನೇಜರು. ಅವರು ಬಹುಮಾನ ಪಡೆಯಲು ಹೆಂಡತಿಯೊಂದಿಗೆ ಬಂದು, ಇದರ ಇನ್ನೊಂದು ಬಣ್ಣ ಇಲ್ಲವೇ ಎಂದು ವಿಚಾರಿಸಿದರು. ರಶೀನಾ ನಗುನಗುತ್ತಲೇ ಎಲ್ಲವನ್ನೂ ನಿರೂಪಿಸಿದಳು. ಆ ನಗುವಿನ ಬಗ್ಗೆ ಅವಳಿಗೇ ಹೇಸಿಗೆಯಾಗುತ್ತಿತ್ತು.

ಮೂರನೆಯ ದಿನ ಬೆಳಿಗ್ಗೆ ಮುಝಮ್ಮಿಲ್‌ನ ತಾಯಿ ಜೈನಬಮ್ಮ ಬಂದರು. ಕನ್ಯಾನದಲ್ಲಿ ಬೀಡಿ ಕಟ್ಟುವವರು. ಎರಡು ಬಸ್ಸು ಬದಲಿಸಿ ಬಂದಿದ್ದರೂ ಬುರ್ಖಾದ ಇಸ್ತ್ರಿ ಮುದುಡಿರಲಿಲ್ಲ. ಕಾಲಲ್ಲಿ ಹೊಸ ಚಪ್ಪಲಿ. ಜಯಪ್ರಕಾಶರು ಅವರನ್ನು ಮೇಲಿಂದ ಕೆಳಗೆ ನೋಡಿ ರಶೀನಾಳನ್ನು ಪಕ್ಕಕ್ಕೆ ಕರೆದರು.

“ಸ್ವಲ್ಪ ಹಳೇದು ಹಾಕಿ ಬರ್ಲಿಕ್ಕೆ ಹೇಳ್ಬಹುದಿತ್ತಲ್ಲ?”

“ರೇಡಿಯೋದಲ್ಲಿ ಬಟ್ಟೆ ಕಾಣ್ತದಾ ಸರ್?”

“ಫೋಟೋ ಉಂಟಲ್ಲ ಮಾರಾಯ್ತಿ. ದಾನಿಗಳಿಗೆ ಕಳಿಸ್ಲಿಕ್ಕೆ.”

ಜೈನಬಮ್ಮನ ಕಿವಿ ಚುರುಕಾಗಿತ್ತು. ಅವರು ತಿರುಗಿ ನೋಡಲಿಲ್ಲ. ಚಪ್ಪಲಿಯನ್ನು ಬಾಗಿಲ ಹೊರಗೆ ಬಿಡುವ ಬದಲು ಹಾಕಿಕೊಂಡೇ ಸ್ಟುಡಿಯೋದ ರತ್ನಗಂಬಳಿ ಮೇಲೆ ನಡೆದುಹೋಗಿ ಕುರ್ಚಿಯಲ್ಲಿ ಕೂತರು.

ನೇರಪ್ರಸಾರ ಶುರುವಾಯಿತು. ಮೊದಲು ಮುಝಮ್ಮಿಲ್‌ನ ಹಾಡು ಹಾಕಬೇಕಿತ್ತು. ‘ನಿನ್ನ ಅಂಗಳದ ಕೊಳೆಗೆ ನನ್ನ ಕೈ ಬೇಕು, ನಿನ್ನ ಬಟ್ಟಲಿಗೆ ನನ್ನ ಕೈ ಬೇಡ’ ಎಂಬ ಅರ್ಥದ ಹಾಡು ಅದು. ಮಾತು ಬರುವ ಜಾಗವನ್ನೆಲ್ಲ ಕತ್ತರಿಸಿ ಇಪ್ಪತ್ತು ಸೆಕೆಂಡಿನ ಗಿಟಾರು ಮಾತ್ರ ಉಳಿಸಿದ್ದರು ಜಯಪ್ರಕಾಶರು. ಆಮೇಲೆ ಪದ್ಮಯ್ಯ ಎದ್ದು ಜೈನಬಮ್ಮನಿಗೆ ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು, ಫೋಟೋ ಮುಗಿಯುವ ತನಕ ಬುಟ್ಟಿಯನ್ನು ತಾವೂ ಹಿಡಿದುಕೊಂಡರು. ಮೈಕಿನ ಮುಂದೆ ಬಂದು ಸ್ವರ ನಡುಗಿಸಿದರು.

“ಮುಝಮ್ಮಿಲ್ ನನಗೆ ಮಗನಿದ್ದ ಹಾಗೆ.”

ಜೈನಬಮ್ಮ ಶಾಲನ್ನು ತೆಗೆದು ಮಡಚಿ ಮೇಜಿನ ಮೇಲಿಟ್ಟರು.

“ನಿಮಗೆ ಮಗ ಉಂಟಲ್ಲ ಪದ್ಮಯ್ಯಣ್ಣ. ನೆರೆ ಇಳಿದ ದಿನ ಎಲ್ಲಿದ್ದ ಅವನು?”

“ಅವನು... ಅವನು ಊರಲ್ಲೇ ಇದ್ದ. ಮನೆಯಲ್ಲಿ.”

“ಹೋಟೆಲಿಗೆ ಬರ್ಲಿಲ್ವಾ?”

“ಕೆಸರು ಇತ್ತಲ್ಲಮ್ಮ. ರೋಗ ಬರ್ತದೆ ಅಂತ ನಾನೇ ಬೇಡ ಹೇಳಿದೆ.”

ತಾವು ಏನು ಹೇಳಿದೆವೆಂದು ಪದ್ಮಯ್ಯನವರಿಗೆ ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು.

“ಹಾಗಾದ್ರೆ ರೋಗ ಬರ್ತದೆ ಅಂತ ಗೊತ್ತಿತ್ತು” ಎಂದರು ಜೈನಬಮ್ಮ.

ಗಾಜಿನ ಆಚೆಯಿಂದ ಜಯಪ್ರಕಾಶರು ಕೈಯನ್ನು ಕತ್ತಿನ ಅಡ್ಡ ಎಳೆದು ತೋರಿಸಿದರು. ರಶೀನಾ ಪ್ರಸಾರದ ಧ್ವನಿ ಇಳಿಸಿ, ಪದ್ಮಯ್ಯನವರದೇ ಹೋಟೆಲಿನ ಜಾಹೀರಾತು ಹಾಕಿದಳು. ಜೈನಬಮ್ಮ ಇದು ತಿಳಿಯದೆ ಮಾತಾಡುತ್ತಲೇ ಇದ್ದರು. ಮಗನಿಗೆ ಬೂಟು ಕೇಳಿದ್ದು, ಕೊಡದೆ ಇದ್ದದ್ದು, ಜ್ವರ ಬಂದಾಗ ಹೋಟೆಲಿಗೆ ಮೂರು ಸಲ ಫೋನು ಮಾಡಿದ್ದು. ನಾಲ್ಕು ನಿಮಿಷದ ಮೇಲೆ ರಶೀನಾಳ ಮುಖ ನೋಡಿ ನಿಲ್ಲಿಸಿದರು.

“ನಂದು ಯಾವಾಗ ಬಂದ್ ಮಾಡಿದ್ದು?”

ರಶೀನಾ ಹೇಳಿದಳು.

“ನನ್ನ ಮಗ ನಿನ್ನ ಬಗ್ಗೆ ಹೇಳಿದ್ದ” ಎಂದು ಬ್ಯಾರಿಯಲ್ಲಿ ಅಂದು ಅವರು ಎದ್ದರು. ಏನು ಹೇಳಿದ್ದನೆಂದು ತಿಳಿಸಲಿಲ್ಲ. ಬುಟ್ಟಿಯನ್ನೂ ಶಾಲನ್ನೂ ಮುಟ್ಟದೆ ಬಸ್ಸಿಗೆ ನಡೆದರು. ಜಯಪ್ರಕಾಶರು ಬುಟ್ಟಿಯಿಂದ ಒಂದು ಸೇಬು ತೆಗೆದು ಒರೆಸುತ್ತಾ, “ಬಡವರಿಗೆ ಉಪಕಾರಸ್ಮರಣೆ ಇಲ್ಲ ನೋಡು” ಎಂದರು. ಇಷ್ಟು ವರ್ಷ ಈ ಮನುಷ್ಯನಿಗೆ ಹೆದರಿಕೊಂಡು ಬದುಕಿದ್ದೇನಲ್ಲ ಎಂದು ರಶೀನಾಳಿಗೆ ಆಗ ಅನ್ನಿಸಿತು. ಹೆದರುವುದಕ್ಕೆ ಅಲ್ಲಿ ಏನೂ ಇರಲಿಲ್ಲ. ಸೇಬು ತಿನ್ನುವ ಒಂದು ಬಾಯಿ, ಅಷ್ಟೇ.

ಪ್ರಸಾರ ನಿಂತರೂ ಕಂಪ್ಯೂಟರಿನಲ್ಲಿ ಧ್ವನಿಮುದ್ರಣ ಓಡುತ್ತಲೇ ಇತ್ತು. ಮರುದಿನ ಬೆಳಿಗ್ಗೆ ಮರುಪ್ರಸಾರದ ಹೊತ್ತಿಗೆ ರಶೀನಾ ಒಬ್ಬಳೇ ಇದ್ದಳು. ಜಾಹೀರಾತು ತೆಗೆದು, ಜೈನಬಮ್ಮನ ಮಾತನ್ನು ಕೊನೆಯವರೆಗೂ ಬಿಟ್ಟಳು. ಅದರ ಹಿಂದೆಯೇ ಮುಝಮ್ಮಿಲ್‌ನ ಹಾಡನ್ನು ಬೈಗುಳದ ಸಮೇತ ಪೂರ್ತಿ ಹಾಕಿದಳು. ಎರಡು ನಿಮಿಷದಲ್ಲಿ ಫೋನು ಬಡಿದುಕೊಳ್ಳತೊಡಗಿತು. ಬೀಡಿ ಕಟ್ಟುತ್ತಾ ರೇಡಿಯೋ ಕೇಳುವ ಹೆಂಗಸರೇ ಹೆಚ್ಚು. ಪಾಣೆಮಂಗಳೂರಿನ ಸೇಸಮ್ಮ ಎಂಬವರು, “ಆ ಹುಡುಗ ಕಿರುಚಿದ್ದು ಭಾಷೆ ಅರ್ಥ ಆಗ್ಲಿಲ್ಲ, ಸಂಗತಿ ಅರ್ಥ ಆಯ್ತು. ಇನ್ನೊಮ್ಮೆ ಹಾಕಿ” ಎಂದರು. ರಶೀನಾ ಇನ್ನೊಮ್ಮೆ ಹಾಕಿದಳು.

ಹತ್ತು ಗಂಟೆಗೆ ಕೆಲಸ ಹೋಯಿತು. ‘ಕೇಂದ್ರದ ಘನತೆಗೆ ಧಕ್ಕೆ’ ಎಂಬ ಪತ್ರವನ್ನು ಟೈಪ್ ಮಾಡಲು ಬೇರೆ ಯಾರೂ ಇಲ್ಲದೆ ಜಯಪ್ರಕಾಶರು ಒಂದೊಂದೇ ಅಕ್ಷರ ಹುಡುಕಿ ಒತ್ತುತ್ತಿದ್ದರು. ಅವರು ಮುಗಿಸುವ ತನಕ ರಶೀನಾ ಕಾಯಲಿಲ್ಲ.

ಹೊಳೆದನಿಯ ತರಂಗ ಕನ್ಯಾನದವರೆಗೆ ತಲುಪುವುದಿಲ್ಲ. ಆದ್ದರಿಂದ ಅವಳು ಮಧ್ಯಾಹ್ನ ಬಸ್ಸು ಹತ್ತಿ ಹೋಗಿ, ಜಗಲಿಯಲ್ಲಿ ಬೀಡಿ ಕಟ್ಟುತ್ತಿದ್ದ ಜೈನಬಮ್ಮನ ಎದುರು ಕೂತು ಮೊಬೈಲಿನಲ್ಲಿ ಎಲ್ಲವನ್ನೂ ಕೇಳಿಸಿದಳು. ಅವರು ಕೈ ನಿಲ್ಲಿಸದೆ ಕೇಳಿದರು. ಮಗನ ಸ್ವರ ಬಂದಾಗ ಮಾತ್ರ ಎಲೆ ಕೈಯಲ್ಲೇ ಉಳಿಯಿತು.

ಹಾಡು ಮುಗಿಯಿತು.

“ಕೆಲಸ?”

“ಹೋಯ್ತು ಉಮ್ಮ.”

ಜೈನಬಮ್ಮ ಅಯ್ಯೋ ಎನ್ನಲಿಲ್ಲ, ಮೆಚ್ಚಿ ತಲೆಯನ್ನೂ ಆಡಿಸಲಿಲ್ಲ. ಎಲೆಯನ್ನು ಸುತ್ತಿ, ತುದಿ ಮಡಚಿ, ನೂಲು ಬಿಗಿದರು.

“ನೀನು ತಡ ಮಾಡಿದೆ” ಎಂದರು. ಮತ್ತೆ ಇನ್ನೊಂದು ಎಲೆ ಎತ್ತಿಕೊಳ್ಳುತ್ತಾ, “ಗಂಜಿ ಉಂಟು. ಊಟ ಮಾಡಿ ಹೋಗು.”