ದೆವ್ವ ಮನೆ ಬಿಟ್ಟಿದ್ದು

ಕಪಾಟಿನ ಮೇಲೆ ನಕಲಿ ಜೇಡರಬಲೆ ಅಂಟಿಸುತ್ತಿದ್ದ ಸಿನಿಮಾ ಸೆಟ್ಟಿನ ಕೆಲಸದವನಿಗೆ ಮನೆಯೊಡತಿಯೇ ಕುರ್ಚಿ ಎಳೆದುಕೊಟ್ಟಳು. "ಬಿದ್ದೀರಿ, ಇದರ ಮೇಲೆ ನಿಲ್ಲಿ" ಎಂದಳು. ಅದೇ ಕಪಾಟನ್ನು ಅವಳು ಬೆಳಗ್ಗೆಯಷ್ಟೇ ಒದ್ದೆಬಟ್ಟೆಯಲ್ಲಿ ಉಜ್ಜಿ ಒರೆಸಿದ್ದನ್ನು ಚಿತ್ರಕಥೆಗಾರ ನೋಡಿದ್ದ. ಅವನು ಹಾಳೆಗಳ ಮೇಲೆ ತಲೆ ತಗ್ಗಿಸಿದ.

ಕೆಲವು ವರ್ಷಗಳ ಹಿಂದೆ ಅವನೇ ಬರೆದು, ಇದೇ ಮನೆಯಲ್ಲಿ ತೆಗೆದಿದ್ದ ದೆವ್ವದ ಸಿನಿಮಾ ಚೆನ್ನಾಗಿ ಓಡಿತ್ತು. ಈಗ ಎರಡನೆಯ ಭಾಗ. "ಹೊಸದೇನೂ ಬೇಡಪ್ಪ, ಗೆದ್ದ ಕುದುರೆ ಮೇಲೇ ಕೂರೋಣ" ಎಂದಿದ್ದರು ನಿರ್ಮಾಪಕರು. ಅವನಿಗೂ ಅದೇ ಬೇಕಿತ್ತು. ಹಳೇ ಬಾಗಿಲನ್ನು ಮತ್ತೆ ಕಿರುಗುಟ್ಟಿಸಿ, ಹಳೇ ನಲ್ಲಿಯಲ್ಲಿ ಮತ್ತೆ ರಕ್ತ ಸುರಿಸಿ, ಒಳಕೋಣೆಯ ನಿಲುವುಗನ್ನಡಿಯಿಂದ ಅದೇ ಹೆಂಗಸನ್ನು ಮತ್ತೆ ಹೊರಡಿಸಿ ಕೈತೊಳೆದುಕೊಂಡಿದ್ದ.

ಅವಳು ಚಹಾ ತಂದಿಟ್ಟಳು. ಮೊದಲ ಸಲ ಬಂದಾಗ ಅವಳು ಒಳಕೋಣೆಯಲ್ಲಿ ಹೆಂಗಸರಿಗೆ ರವಿಕೆ ಹೊಲಿಯುತ್ತಿದ್ದುದು ನೆನಪಾಗಿ, "ಹೊಲಿಗೆ ಹೇಗೆ ನಡೀತಿದೆ?" ಎಂದು ಕೇಳಿದ.

"ಎಲ್ಲಿ ನಡೆಯತ್ತೆ? ಅಳತೆ ಸರಿಯಾಯ್ತಾ ಅಂತ ನೋಡೋಕೆ ಆ ಕನ್ನಡಿ ಮುಂದೇನೇ ನಿಲ್ಬೇಕಲ್ಲ. ನಿಮ್ಮ ಸಿನಿಮಾ ಬಂದ್ಮೇಲೆ ಒಬ್ಬಳೂ ಒಳಗೆ ಕಾಲಿಡಲ್ಲ. ಈಗ ದಿಂಬಿನ ಚೀಲ, ಕಿಟಕಿ ಪರದೆ ಹೊಲೀತೀನಿ. ಅವು ಕನ್ನಡಿ ಕೇಳಲ್ಲ ನೋಡಿ."

ನಗುತ್ತಲೇ ಹೇಳಿದಳು. ಬೈದಿದ್ದರೆ ಅವನಿಗೆ ಉತ್ತರ ಕೊಡುವುದು ಸುಲಭವಾಗುತ್ತಿತ್ತು. ಅವನು ಲೋಟ ಕೆಳಗಿಟ್ಟ.

"ಮತ್ತೆ ಈ ಸಲ ಯಾಕೆ ಒಪ್ಕೊಂಡ್ರಿ?"

"ಒಪ್ಪದಿದ್ರೆ ನಿಮ್ಮ ಕನ್ನಡಿಯೋಳು ಇಲ್ಲೇ ಇರ್ತಾಳಲ್ಲ. ಒಂದು ಉಪಕಾರ ಮಾಡಿ. ಕೊನೇಲಿ ಅವಳನ್ನ ಕಳಿಸಿಬಿಡಿ. ಮನೆ ಬಿಟ್ಟು ಹೋದ್ಲು ಅಂತ ನಾಲ್ಕು ಜನ ಕಣ್ಣಾರೆ ನೋಡಿದ್ರೆ ಸಾಕು."

ವಿಷಯ ತಿಳಿಸಿದಾಗ ನಿರ್ಮಾಪಕರು ಹೌಹಾರಿದರು. "ದೆವ್ವಾನೇ ಹೋದ್ರೆ ಮೂರನೇ ಭಾಗದಲ್ಲಿ ಯಾರು, ನೀನು ಬರ್ತೀಯಾ?" ಆದರೂ ಅವನು ಪಟ್ಟು ಬಿಡಲಿಲ್ಲ. ಹಾಡಹಗಲಲ್ಲಿ ಆ ಹೆಂಗಸು ಗೇಟು ತೆರೆದು, ಹಿಂತಿರುಗಿ ನೋಡದೆ ರಸ್ತೆಯುದ್ದಕ್ಕೂ ನಡೆದು ಮರೆಯಾಗುವ ದೃಶ್ಯವನ್ನು ಬರೆದ. ಇಡೀ ಕಥೆಯಲ್ಲಿ ಮನಸ್ಸಿಟ್ಟು ಬರೆದದ್ದು ಅದೊಂದೇ. ಉಳಿದದ್ದನ್ನು ತಿದ್ದುವ ಗೋಜಿಗೆ ಹೋಗಲಿಲ್ಲ.

ಬಿಡುಗಡೆಯಾದ ವಾರದೊಳಗೇ ಮಧ್ಯಾಹ್ನದ ಆಟದಲ್ಲಿ ಬೆರಳೆಣಿಕೆಯ ಜನ. ಅವನು ಹಿಂದಿನ ಸಾಲಿನಲ್ಲಿ ಕೂತ. ಬಾಗಿಲು ಕಿರುಗುಟ್ಟುವ ಮೊದಲೇ ಯಾರೋ ಬಾಯಲ್ಲಿ ಕಿರ್ ಎಂದರು. ವಿರಾಮದ ನಂತರ ಒಬ್ಬೊಬ್ಬರಾಗಿ ಎದ್ದರು. ಕೊನೆಗೆ ಅವನ ಪಕ್ಕದ ಗಂಡಹೆಂಡತಿಯೂ ಎದ್ದಾಗ ತಡೆಯಲಾಗಲಿಲ್ಲ.

"ಇನ್ನೊಂದೇ ಸೀನು. ನೋಡ್ಕೊಂಡು ಹೋಗಿ."

"ಆವತ್ತು ನೋಡಿದ್ದೇ ಅಲ್ವಾ ಇದು?" ಎಂದ ಗಂಡ. "ಯಾಕೆ, ನೀವು ಬರೆದಿದ್ದಾ?"

"ಅಲ್ಲ" ಎಂದು ಕಾಲು ಸರಿಸಿ ದಾರಿ ಬಿಟ್ಟ.

ಅವರು ಹೋದ ಮೇಲೆ, ಮುಂದೆ ಒಬ್ಬಳೇ ಕೂತಿದ್ದ ಮನೆಯೊಡತಿ ಕಂಡಳು. ಹೊರಗೆ ಹೋಗುವಾಗ ಉಡುವಂಥ ಸೀರೆ, ಮಡಿಲಲ್ಲಿ ಚೀಲ. ಮಾತಾಡಿಸಲು ಅವನಿಗೆ ಧೈರ್ಯ ಬರಲಿಲ್ಲ. ತೆರೆಯ ಮೇಲೆ ಗೇಟು ತೆರೆಯಿತು. ಹೆಂಗಸು ಬಿಸಿಲಿಗಿಳಿದು ನಡೆಯತೊಡಗಿದಳು.

ಕಸಗುಡಿಸುವವಳು ಆಗಲೇ ಪೊರಕೆ ಹಿಡಿದು ಖಾಲಿ ಸಾಲುಗಳ ನಡುವೆ ಬರುತ್ತಿದ್ದಳು. ಪೊರಕೆ ತನ್ನ ಕುರ್ಚಿಯ ಬಳಿ ಬಂದಾಗ ದರ್ಜಿಯಮ್ಮ ತೆರೆಯಿಂದ ಕಣ್ಣು ಕೀಳದೆ ಎರಡೂ ಪಾದಗಳನ್ನು ಮೇಲೆತ್ತಿ ಹಿಡಿದಳು.