ಅತ್ತೆ ಹೋಗಿ ಬಂದದ್ದು

"ಏಯ್ ಗೋಣಿ, ದೂರ ನಿಂತ್ಕೋ! ನಿನ್ನ ಮೈಯಿಂದ ಉದುರೋ ನಾರು ಕಂಪ್ಯೂಟರ್ ಒಳಗೆ ಹೋದ್ರೆ ನಿಮ್ಮಪ್ಪ ರಿಪೇರಿ ಮಾಡಿಸ್ತಾನಾ?"

ಕಿಟಕಿಯ ಆಚೆ ಕೂತಿದ್ದವನು ಸೀಲಪ್ಪ. ಅವನ ನಿಜವಾದ ಹೆಸರು ಯಾರಿಗೆ ಗೊತ್ತು! ಎಲ್ಲದಕ್ಕೂ ಸೀಲು ಕೇಳುತ್ತಾನೆ, ತಾನು ಹೊಡೆಯುವುದು ಮಾತ್ರ ಅಪರೂಪ, ಅದಕ್ಕೇ ಆ ಹೆಸರು. ನಾನು ಹಿಂದೆ ಸರಿದು, ಸಾಲಿನಲ್ಲಿ ನನ್ನ ಹಿಂದಿದ್ದ ಹಮಾಲಿಯ ಕಾಲು ತುಳಿದೆ. ಅವನು ತನ್ನ ಹಿಂದಿನವಳ ಕಾಲು ತುಳಿದ. ಹೀಗೆ ಸೀಲಪ್ಪನ ಬೈಗುಳ ನಲವತ್ತು ಜನರ ಕಾಲು ತುಳಿದುಕೊಂಡು ಸಾಲಿನ ಕೊನೆಯವರೆಗೂ ಹೋಯಿತು.

ನಾನೂ ನನ್ನ ಅತ್ತೆಯೂ ಗೋದಾಮಿನಲ್ಲಿ ಹರಿದ ಗೋಣಿಚೀಲ ಹೊಲಿಯುವವರು. ಸರ್ಕಾರದ ಅಕ್ಕಿ ಬರುವುದೂ ಹೋಗುವುದೂ ನಾವು ಹೊಲಿದ ಚೀಲದಲ್ಲೇ. ಆದರೆ ಒಳಗಿನ ಅಕ್ಕಿ ನಮ್ಮ ಮನೆಗೆ ಬರಬೇಕಾದರೆ ರೇಷನ್ ಕಾರ್ಡು ಬೇಕು, ಕಾರ್ಡನ್ನು ವರ್ಷಕ್ಕೊಮ್ಮೆ ಈ ಕಿಟಕಿಯಲ್ಲಿ ಹೊಸದು ಮಾಡಿಸಬೇಕು. ಅವತ್ತು ಕೊನೆಯ ದಿನ. ಮನೆಯ ಹಿರಿಯ ಹೆಂಗಸೇ ಕಾರ್ಡಿನ ಯಜಮಾನಿ ಅಂತ ಕಾನೂನು. ಜನ್ಮದಲ್ಲಿ ಇನ್ಯಾವುದಕ್ಕೂ ಅತ್ತೆಯನ್ನು ಯಾರೂ ಯಜಮಾನಿ ಅಂದವರಲ್ಲ. ಹಾಗಾಗಿ ಈ ಒಂದು ದಿನ ಅವರು ತಲೆಗೆ ಎಣ್ಣೆ ಹಚ್ಚಿ, ಒಗೆದ ಬಟ್ಟೆ ಉಟ್ಟು, ಮದುವೆಗೆ ಹೊರಟವರ ಹಾಗೆ ಬರುತ್ತಿದ್ದರು.

"ಎಷ್ಟು ಜನ?" ಸೀಲಪ್ಪ ಕೇಳಿದ.

"ಐದು ಸಾರ್. ಅತ್ತೆ, ನಾನು, ನನ್ನ ಗಂಡ, ಎರಡು ಹೆಣ್ಣುಮಕ್ಕಳು."

"ಯಜಮಾನಿ ಎಲ್ಲಿ?"

ಎಡವಟ್ಟಾಗಿದ್ದು ಇಲ್ಲೇ. ನಾವು ಸಾಲಿಗೆ ಬಂದಾಗ ಸರಿಯಾಗಿ ಬೆಳಕಾಗಿರಲಿಲ್ಲ. ಆಫೀಸಿನ ಕಕ್ಕಸಿಗೆ ಬೀಗ, ಅದು ಸಿಬ್ಬಂದಿಗೆ ಮಾತ್ರ. ಅತ್ತೆ ಕಾಲು ಬದಲಿಸಿ ಬದಲಿಸಿ ನಿಂತು, ಕೊನೆಗೆ ತಡೆಯಲಾರದೆ ಕಾಂಪೌಂಡಿನ ಹಿಂದೆ ಓಡಿದ್ದರು. ನಲವತ್ತು ಜನರ ಮುಂದೆ, ಒಬ್ಬ ಗಂಡಸಿಗೆ, ಆ ಮಾತನ್ನು ಬಾಯಿಬಿಟ್ಟು ಹೇಳುವುದು ಹೇಗೆ?

"ಹೋಗ್ಬಿಟ್ರು ಸಾರ್," ಅಂದೆ ತಲೆ ತಗ್ಗಿಸಿ.

ಸೀಲಪ್ಪನ ಬೆರಳು ನಿಂತಿತು. "ಹೌದಾ? ಏನಾಗಿತ್ತು?"

"ಸಕ್ಕರೆ ಕಾಯಿಲೆ ಸಾರ್. ವಯಸ್ಸು ಬೇರೆ."

"ತುಂಬಾ ಒದ್ದಾಡಿದ್ರಾ?"

ಇವನಿಗ್ಯಾಕಪ್ಪ ಇಷ್ಟೊಂದು ವಿಚಾರಣೆ ಅನಿಸಿತು. ಆದರೆ ಕಿಟಕಿಯ ಆಚೆಯವರು ಕೇಳಿದ್ದಕ್ಕೆ ಈಚೆಯವರು ಹೇಳಲೇಬೇಕಲ್ಲ. "ಹೂಂ ಸಾರ್. ಬೆಳಿಗ್ಗೆಯಿಂದ ತಡ್ಕೊಂಡೇ ಇದ್ರು. ಕೊನೆಕೊನೆಗೆ ಆಗ್ಲಿಲ್ಲ."

"ಹೋಗ್ಲಿ ಬಿಡು. ಅಷ್ಟು ಕಷ್ಟ ಪಡೋದಕ್ಕಿಂತ ಹೋಗಿದ್ದೇ ಒಳ್ಳೇದಾಯ್ತು."

"ಹೌದು ಸಾರ್. ಅವರಿಗೂ ಹಗುರ ಆಯ್ತು."

"ಜೊತೆಗೆ ಯಾರಾದ್ರೂ ಇದ್ರಾ?"

"ಅಯ್ಯೋ, ಅದಕ್ಕೆಲ್ಲಾ ಜೊತೆಗೆ ಯಾರು ಹೋಗ್ತಾರೆ ಸಾರ್!"

"ನಿಜ, ನಿಜ," ಅಂತ ಸೀಲಪ್ಪ ದೊಡ್ಡ ವೇದಾಂತಿಯ ಹಾಗೆ ತಲೆಯಾಡಿಸಿ, ಟಕ್ಕಂತ ಒಂದು ಕೀಲಿ ಒತ್ತಿದ. ಆಮೇಲೆ ಮುಖ ಸಿಂಡರಿಸಿದ. "ಅಲ್ವೇ, ಹೆಣ ಮನೇಲಿಟ್ಟು ಅಕ್ಕಿಗೆ ಸಾಲು ನಿಂತಿದ್ದೀಯಲ್ಲ! ನಿಮ್ಮಂಥೋರಿಗೆ ಹೊಟ್ಟೆ ಒಂದು ತುಂಬಿದ್ರೆ ಸಾಕು, ಥೂ."

"ಯಾವ ಹೆಣ ಸಾರ್?"

ಅಷ್ಟರಲ್ಲಿ ಅತ್ತೆ ಕೈ ಒರೆಸಿಕೊಳ್ಳುತ್ತಾ ಸಾಲು ಸೀಳಿಕೊಂಡು ಬಂದರು. "ಉಸ್ಸಪ್ಪಾ," ಅಂದರು. "ಈಗ ಜೀವ ಬಂತು."

ಸೀಲಪ್ಪ ಅತ್ತೆಯನ್ನು ನೋಡಿದ, ಕಂಪ್ಯೂಟರ್ ನೋಡಿದ, ಕಂಪ್ಯೂಟರನ್ನೇ ನಂಬಿದ. ಯಜಮಾನಿ ಮೃತ, ಕಾರ್ಡು ರದ್ದು ಅಂತ ಅದು ಬರೆದುಬಿಟ್ಟಿತ್ತು. ಅವನು ಅದನ್ನು ಗಟ್ಟಿಯಾಗಿ ಓದಿ ಹೇಳಿದ. ನನ್ನ ಒಂದು ನಾಚಿಕೆ ಐದು ಜನರ ಅನ್ನ ಕಿತ್ತುಕೊಂಡಿತ್ತು. ಅಳು ಬಂತು, ಜೊತೆಗೇ ಹಾಳು ನಗುವೂ ಬಂತು.

"ನಿನ್ನ ಬಾಯಿಗೆ ಮಣ್ಣು ಹಾಕ!" ಅತ್ತೆ ನನ್ನ ಮೇಲೆ ಬಿದ್ದರು. "ಉಚ್ಚೆ ಹೊಯ್ಯೋಕೆ ಹೋದೋಳನ್ನ ಸಾಯಿಸಿಬಿಟ್ಯಲ್ಲೇ!"

"ಹಾಗನ್ನೋಕೆ ನಾಚಿಕೆ ಆಯ್ತು ಅತ್ತೆ."

"ಸಾಯ್ಸೋಕೆ ಆಗ್ಲಿಲ್ವಾ ನಾಚಿಕೆ?"

ಸಾಲಿಗೆ ಸಾಲೇ ಬಿದ್ದು ಬಿದ್ದು ನಕ್ಕಿತು. ಅತ್ತೆ ಕಿಟಕಿಗೆ ಮುಖ ಇಟ್ಟು, "ಬದುಕಿದ್ದೀನಲ್ಲಪ್ಪ, ತಿದ್ದಿಬಿಡು" ಅಂದರು.

"ನನ್ನ ಹತ್ರ ಸಾಯಿಸೋ ಬಟನ್ ಮಾತ್ರ ಇರೋದು. ಬದುಕಿಸೋದು ಮೇಲಿರೋರ ಕೈಲಿದೆ."

ಅತ್ತೆ ಸೂರಿನ ಕಡೆ ನೋಡಿ ಕೈ ಮುಗಿದರು. "ಮೇಲಿರೋನು ಬದುಕಿಸೇ ಇಟ್ಟಿದ್ದಾನಲ್ಲಪ್ಪ."

"ಮೇಲಿನ ಮಹಡಿ ಕಣೇ ಮುದುಕಿ! ದೊಡ್ಡ ಸಾಹೇಬರು!"

ಮಹಡಿ ಹತ್ತಿ ಹೋದರೆ ದೊಡ್ಡ ಸಾಹೇಬರು ಫ್ಯಾನಿನ ಕೆಳಗೆ ಪೆನ್ನಿನ ಮುಚ್ಚಳದಿಂದ ಕಿವಿ ಕೆರೆದುಕೊಳ್ಳುತ್ತಿದ್ದರು. ಅತ್ತೆಯ ಕಡೆ ತಿರುಗಿಯೂ ನೋಡದೆ ನನಗೆ ಹೇಳಿದರು. "ಮೃತರು ನೇರವಾಗಿ ಅರ್ಜಿ ಕೊಡೋ ಹಾಗಿಲ್ಲ. ವಾರಸುದಾರರು ಕೊಡ್ಬೇಕು."

"ನಾನೇ ಸೊಸೆ ಸಾರ್."

"ಹಾಗಾದ್ರೆ ಮರಣ ಪ್ರಮಾಣಪತ್ರ ತಗೊಂಡು ಬಾ. ಅದನ್ನ ನೋಡಿ, ಸತ್ತಿಲ್ಲ ಅಂತ ಬರ್ಕೊಡ್ತೀನಿ."

"ಇಲ್ಲೇ ನಿಂತಿದ್ದೀನಲ್ಲ ಸ್ವಾಮಿ, ಬೇಕಾದ್ರೆ ಮುಟ್ಟಿ ನೋಡಿ," ಅಂತ ಅತ್ತೆ ಮೇಜಿನ ಮೇಲೆ ಅಂಗೈ ಇಟ್ಟರು.

ಸಾಹೇಬರು ಕುರ್ಚಿ ಸಮೇತ ಹಿಂದಕ್ಕೆ ಹಾರಿದರು. "ಏಯ್, ತೆಗಿ ಕೈ! ಯಾರೋ ಅಲ್ಲಿ, ಬಂದು ಇದನ್ನ ಒರೆಸೋ!"

ಜವಾನ ಬಂದು, ಅತ್ತೆಯ ಕೈ ಇದ್ದಷ್ಟು ಜಾಗವನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದ. ಸಾಹೇಬರು ಇನ್ನೊಂದು ಸಲ ಅಂದರು, ಇನ್ನೊಂದು ಸಲ ಒರೆಸಿದ. ಅತ್ತೆ ತಮ್ಮ ಅಂಗೈಯನ್ನು ಒಮ್ಮೆ ನೋಡಿಕೊಂಡು ಮುಷ್ಟಿ ಮುಚ್ಚಿದರು. ಗೋಣಿ ಹೊಲಿಯುವ ದಬ್ಬಳ ಹಿಡಿದು ಹಿಡಿದು ಚಪ್ಪಲಿಯ ಅಟ್ಟೆಯಂತೆ ಗಟ್ಟಿಯಾದ ಕೈ ಅದು. ನನಗೆ ಮೈಯೆಲ್ಲ ಉರಿದುಹೋಯಿತು.

"ಸತ್ತೋಳ ಕೈಗೂ ಕೊಳೆ ಇರುತ್ತಾ ಸ್ವಾಮಿ?" ಅಂತಷ್ಟೇ ಕೇಳಿ ಅತ್ತೆ ಮೆಟ್ಟಿಲಿಳಿದರು.

ಇಳಿಯುತ್ತಾ, ಸೀಲಪ್ಪ ನನ್ನನ್ನು ಕೇಳಿದ್ದನ್ನೆಲ್ಲ ಅತ್ತೆಗೆ ಹೇಳಿದೆ. ಕೆಳಗೆ ಬಂದರೆ ಅವನು ಕಿಟಕಿ ಮುಚ್ಚುತ್ತಿದ್ದ. ಸಾಲು ಮಾತ್ರ ಹಾಗೇ ನಿಂತಿತ್ತು.

"ಸರ್ವರ್ ಹೋಗ್ಬಿಟ್ಟಿದೆ. ಎಲ್ಲಾ ಮನೆಗೆ ಹೊರಡಿ."

"ಇವತ್ತೇ ಕೊನೇ ದಿನ ಅಲ್ವಾ ಸಾರ್? ನಮ್ಮ ಕಾರ್ಡಿನ ಗತಿ ಏನು?" ಹಮಾಲಿ ಕೇಳಿದ.

"ಹೋಗಿದ್ದಕ್ಕೆ ನಾನೇನು ಮಾಡ್ಲೋ?"

"ಪಾಪ," ಅಂದರು ಅತ್ತೆ. "ತುಂಬಾ ಒದ್ದಾಡ್ತಾ?"

"ತಲೆ ತಿನ್ಬೇಡ ಮುದುಕಿ. ಅದು ಹೋಗುತ್ತೆ, ಬರುತ್ತೆ."

"ಓಹೋ. ನಿನ್ನ ಸರ್ವರ್ ಹೋಗಿ ಬರಬಹುದು, ನಾನು ಮಾತ್ರ ಹೋಗಿ ಬರೋ ಹಾಗಿಲ್ಲ. ಅಲ್ವೇನೋ ಬೇವರ್ಸಿ?" ಅತ್ತೆಯ ದನಿ ಏರಿತು. "ಸರಿ ಹಾಗಾದ್ರೆ. ನಿನ್ನ ಪೆಟ್ಟಿಗೆ ಸತ್ತಿದ್ದೀನಿ ಅಂದಿದೆ, ಸತ್ತಿದ್ದೀನಿ. ನೀನೇ ಸಾಯಿಸಿದ್ದು, ನೀನೇ ಎತ್ತು!"

ಅಂದವರೇ ಕಿಟಕಿಯ ಮುಂದೆ ನೆಲದಲ್ಲಿ ಉದ್ದಕ್ಕೆ ಮಲಗಿ ಕಣ್ಣು ಮುಚ್ಚಿದರು. ಮತ್ತೆ ಒಂದೇ ಕಣ್ಣು ತೆರೆದು ನನ್ನನ್ನು ಗದರಿಸಿದರು. "ಅಳೇ ಮುಂಡೇದೇ. ಸತ್ತಿರೋದು ನಿನ್ನ ಅತ್ತೆ."

ನಾನು ಪಕ್ಕದಲ್ಲಿ ಕೂತು ಎದೆ ಬಡಿದುಕೊಂಡು ಅಳುವ ನಾಟಕ ಶುರುಮಾಡಿದೆ. ನಡುವೆ ಎಲ್ಲೋ ಅದು ನಿಜವಾದ ಅಳುವೇ ಆಗಿಹೋಯಿತು. ಹಮಾಲಿ ತಲೆಗೆ ಸುತ್ತಿದ್ದ ಟವೆಲ್ ಬಿಚ್ಚಿ ನೆಲಕ್ಕೆ ಹಾಸಿದ. "ಕಾರ್ಡು ಹೋದ್ಮೇಲೆ ನಾನೇನು ಬದುಕಿದ್ದೀನಾ?" ಅಂದು ಅತ್ತೆಯ ಪಕ್ಕ ಉರುಳಿಕೊಂಡ. ಅವನ ಹಿಂದಿನವಳು ಕಸ ಗುಡಿಸುವವಳು. ಅವಳೂ ಸತ್ತಳು. ಆಮೇಲೆ ತಡೆಯೇ ಇಲ್ಲ.

"ಸ್ವಲ್ಪ ಸರಿಯೇ, ನಾನೆಲ್ಲಿ ಸಾಯ್ಲಿ?"

"ಒದೀಬೇಡ, ನಿನಗಿಂತ ಮೊದ್ಲೇ ಸತ್ತಿದ್ದು ನಾನು."

"ಲೋ, ಸತ್ತೋರು ಸೀನ್ತಾರೇನೋ?"

ನೋಡುನೋಡುತ್ತಲೇ ಕಿಟಕಿಯಿಂದ ಮೆಟ್ಟಿಲವರೆಗೆ, ಮೆಟ್ಟಿಲಿಂದ ಹೊರಬಾಗಿಲವರೆಗೆ ಬರೀ ಹೆಣ. ಬೆಳಿಗ್ಗೆಯಿಂದ ಯಾರೂ ಏನೂ ತಿಂದಿರಲಿಲ್ಲ, ಹೊಟ್ಟೆಗಳು ಮಾತ್ರ ಗುಡುಗುಡು ಅನ್ನುತ್ತಿದ್ದವು. ಸೀಲಪ್ಪನಿಗೆ ಹೊರಬರಲು ಕಾಲಿಡುವ ಜಾಗವಿಲ್ಲ. ಅವನು ಮೇಲಕ್ಕೆ ಕೂಗಿದ.

"ಸಾರ್! ಎಲ್ಲಾ ಹೋಗ್ಬಿಟ್ರು ಸಾರ್!"

"ಒಳ್ಳೇದಾಯ್ತು, ಬೀಗ ಹಾಕು!" ಮೇಲಿಂದ ಉತ್ತರ ಬಂತು.

"ಹಾಗೆ ಹೋಗಿಲ್ಲ ಸಾರ್! ಹೋಗ್ಬಿಟ್ಟಿದ್ದಾರೆ! ಇಲ್ಲೇ ಇದ್ದಾರೆ!"

ಸಾಹೇಬರು ಬ್ಯಾಗು ಹಿಡಿದು ಇಳಿದು ಬಂದರು. ಕೊನೆಯ ಮೆಟ್ಟಿಲ ಮೇಲೆ ನಿಂತರು. ಒಂದು ಪಾದ ಮುಂದೆ ಚಾಚಿ ಅತ್ತ ಇಡಲು ನೋಡಿದರು, ಇತ್ತ ಇಡಲು ನೋಡಿದರು, ಮತ್ತೆ ಹಿಂದಕ್ಕೆ ಎಳೆದುಕೊಂಡರು. ಅಷ್ಟು ಹೊತ್ತಿಗೆ ನಾನೂ ಅತ್ತೆಯ ಮಗ್ಗುಲಲ್ಲಿ ಮಲಗಿದ್ದೆ.

"ಏನಿದು ತಮಾಷೆ?" ಸಾಹೇಬರು ಕಿರುಚಿದರು. "ನಿಮ್ಮಲ್ಲಿ ಬದುಕಿರೋರು ಯಾರು? ಕೈ ಎತ್ತಿ!"

ಯಾರೂ ಎತ್ತಲಿಲ್ಲ. ನನ್ನದೊಂದು ಕೈ ಮಾತ್ರ, ಸಾಹೇಬರು ಹೇಳಿದ್ದು ಕೇಳಿ ಕೇಳಿ ರೂಢಿಯಾದದ್ದು, ತಾನಾಗಿಯೇ ಮೇಲೇಳಲು ಹೊರಟಿತು. ಅತ್ತೆ ಅದನ್ನು ಎಳೆದು ನೆಲಕ್ಕೆ ಒತ್ತಿ ಹಿಡಿದರು.