ಪಾರಿವಾಳಕ್ಕೆ ಹೋದ ಆರು ಗಂಟೆ

ನನಗೆ ಲಕ್ವ ಹೊಡೆದದ್ದು ಮನೆಯಲ್ಲಿ ಯಾರಿಗೂ ಗೊತ್ತಾಗಲಿಲ್ಲ ಎಂದುಕೊಳ್ಳಬೇಡಿ. ಎಲ್ಲರಿಗೂ ಗೊತ್ತಾಗಿತ್ತು. ನನ್ನ ಹೊಟ್ಟೆ ಉರಿಯುವುದು ಅದಕ್ಕೇ.

ಅಜ್ಜಂಪುರದಲ್ಲಿ ಇಪ್ಪತ್ತು ವರ್ಷದಿಂದ ಬ್ಲೌಸ್ ಹೊಲಿಯುವವಳು ನಾನು, ಕಾಂತಮ್ಮ. ಅವತ್ತು ಬೆಳಿಗ್ಗೆ ಹತ್ತು ಗಂಟೆಗೆ ಬಟ್ಟೆ ಕತ್ತರಿಸುತ್ತಿದ್ದಾಗ ಬಲಗೈಯಿಂದ ಕತ್ತರಿ ಜಾರಿ ಬಿತ್ತು. ಎತ್ತಿಕೊಳ್ಳಲು ಹೋದರೆ ಬೆರಳು ಮಡಚಲೇ ಇಲ್ಲ. ನನ್ನ ಜೊತೆ ಹೊಲಿಯಲು ಬರುವ ಅತೀಯಾ ನನ್ನ ಮುಖ ನೋಡಿ ಗಾಬರಿಯಾದಳು.

"ಅಕ್ಕಾ, ಒಂದ್ಸಲ ನಗ್ರಿ. ಎರಡೂ ಕೈ ಎತ್ರಿ. ನಿಮ್ಮ ಹೆಸ್ರು ಹೇಳ್ರಿ."

ಬಾಯಿ ಒಂದೇ ಕಡೆ ಸರಿಯಿತು. ಬಲಗೈ ಏಳಲಿಲ್ಲ. ನನ್ನ ಹೆಸರು ಹೇಳಲೂ ನಾಲಿಗೆ ತೊದಲಿತು. ಅವಳ ಅಜ್ಜಿಗೂ ಹೀಗೇ ಆಗಿತ್ತಂತೆ. ತಕ್ಷಣ ಆಂಬುಲೆನ್ಸಿಗೆ ಫೋನ್ ಮಾಡಿದಳು.

ಆಂಬುಲೆನ್ಸ್ ಬಂತು. ಅಷ್ಟರಲ್ಲಿ ನನ್ನ ಗಂಡ ಹೊನ್ನಯ್ಯ ಮತ್ತು ಅವರ ಅಕ್ಕ ಓಬಮ್ಮ ಬಾಗಿಲಲ್ಲಿ ನಿಂತಿದ್ದರು.

"ಲಕ್ವ ಕಣೋ ಇದು. ಆಸ್ಪತ್ರೇಲಿ ಸೂಜಿ ಚುಚ್ಚಿಸಿದ್ರೆ ಕೈ ಹೋದಂಗೇ. ಪಾರಿವಾಳದ ರಕ್ತ ಬಿಸಿಬಿಸಿ ತಿಕ್ಕಿದ್ರೆ ನರ ಬಿಟ್ಕೊಳ್ತದೆ," ಎಂದರು ಓಬಮ್ಮ.

ನನ್ನ ಗಂಡ ಡ್ರೈವರಿಗೆ ಕೈಮುಗಿದು ಗಾಡಿ ವಾಪಸ್ ಕಳಿಸಿದರು. ಅತೀಯಾ ಜಗಳಕ್ಕೇ ನಿಂತಳು. "ನಮ್ಮನೆ ವಿಷ್ಯ ನಾವು ನೋಡ್ಕೋತೀವಿ ಕಣಮ್ಮ," ಎಂದು ಗಂಡ ಅವಳ ಬಾಯಿ ಮುಚ್ಚಿಸಿದರು.

ನನ್ನ ಮಾತು ಬಿದ್ದಿತ್ತೇ ಹೊರತು ಕಿವಿ ಸರಿಯಾಗಿಯೇ ಇತ್ತು. ಊರಲ್ಲಿ ಪಾರಿವಾಳ ಸಿಗದೆ ಗಂಡ ಬೈಕಿನಲ್ಲಿ ಪಕ್ಕದ ಶಿವನಿ ಊರಿಗೆ ಹೋದರು. "ಬಿಳೀದು ಆಗಲ್ಲ ಕಣೋ, ಬೂದು ಬಣ್ಣದ್ದೇ ತಗೊಂಬಾ," ಎಂದು ಓಬಮ್ಮ ಫೋನಿನಲ್ಲಿ ಹಟ ಹಿಡಿದರು. ಎದ್ದು ಎಲ್ಲರಿಗೂ ಉಗಿಯಬೇಕು ಅನ್ನಿಸುತ್ತಿತ್ತು. ಚಾಪೆಯ ಮೇಲೆ ಬಿದ್ದು ಗೋಡೆ ಗಡಿಯಾರ ನೋಡುತ್ತಿದ್ದೆ. ಎರಡು ಗಂಟೆಗೆ ಹಕ್ಕಿ ಬಂತು. ಅದರ ರಕ್ತವನ್ನು ನನ್ನ ತೋಳಿಗೆ ತಿಕ್ಕಿದರು. ಕೈ ಅಲ್ಲಾಡಲಿಲ್ಲ. ಆಗ ಹೆದರಿ ಬಾಡಿಗೆ ಕಾರು ಮಾಡಿದರು.

ಆಸ್ಪತ್ರೆ ತಲುಪಿದಾಗ ನಾಲ್ಕು ಗಂಟೆ. ಯಾವಾಗ ಶುರುವಾಯಿತೆಂದು ಡಾಕ್ಟರ್ ಕೇಳಿದರು.

"ಹತ್ತಕ್ಕೆ ಸಾರ್," ಎಂದರು ನನ್ನ ಗಂಡ. "ಪಾರಿವಾಳ ಸಿಗೋದು ಸ್ವಲ್ಪ ತಡ ಆಯ್ತು."

ಡಾಕ್ಟರ್ ತಕ್ಷಣ ತಲೆಯ ಸ್ಕ್ಯಾನ್‌ಗೆ ಕಳಿಸಿದರು. ರಿಪೋರ್ಟ್ ನೋಡಿ, "ಶುರುವಾದ ಮೇಲೆ ನಾಲ್ಕೂವರೆ ಗಂಟೆಯೊಳಗೆ ಬಂದಿದ್ರೆ ಹೆಪ್ಪುಗಟ್ಟಿದ ರಕ್ತ ಕರಗಿಸೋ ಇಂಜೆಕ್ಷನ್ ಕೊಡಬಹುದಿತ್ತು. ಈಗ ಆ ಟೈಮ್ ಮೀರಿದೆ," ಎಂದರು.

ಎಂಟು ತಿಂಗಳಾಯಿತು. ದಿನಾ ಅಭ್ಯಾಸ ಮಾಡಿ ಮಾಡಿ ಮಾತು ಬಂತು. ಬಲಗೈ ಬರಲಿಲ್ಲ. ಮೊನ್ನೆ ಬೀರೂರಿನಿಂದ ನೆಂಟರು ನೋಡಲು ಬಂದಿದ್ದರು. "ಪಾರಿವಾಳದ ರಕ್ತ ಹಚ್ಚಿದ್ದಕ್ಕೇ ಇವ್ಳಿಗೆ ಮಾತು ಬಂದಿದ್ದು," ಎಂದು ನನ್ನ ಗಂಡ ಹೆಮ್ಮೆಯಿಂದ ಶುರು ಮಾಡಿದರು. ಪಾರಿವಾಳ ಮಾರಿದವನ ನಂಬರ್ ಬರೆದುಕೊಳ್ಳಲು ನೆಂಟರು ಫೋನ್ ತೆಗೆದರು. ನನಗೆ ಮೈಯೆಲ್ಲ ಉರಿದುಹೋಯಿತು.

"ಅವತ್ತು ಆಂಬುಲೆನ್ಸ್ ಜೊತೆ ನನ್ನ ಬಲಗೈನೂ ವಾಪಸ್ ಕಳಿಸಿದ್ರಲ್ಲ," ಎಂದೆ, "ಅದನ್ನೂ ಹೇಳ್ರೀ ಇವ್ರಿಗೆ."